ಒಂದು ರೂಪಾಯಿ ಕೊಟ್ಟು ಅಭ್ಯರ್ಥಿಯ ಖರ್ಚಿನ ಲೆಕ್ಕ ಓದುವ ಬಗೆ

ಖಜಾನೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಬಿಲ್ಲು ನೋಡಿದವಳು ನಾನು. ಚುನಾವಣೆ ಬಂತೆಂದರೆ ನಮ್ಮಂಥವರನ್ನು ಲೆಕ್ಕಪತ್ರ ತಂಡಕ್ಕೆ ಹಾಕುತ್ತಿದ್ದರು. ರಾಯಚೂರು ಜಿಲ್ಲೆಯಲ್ಲಿ ನಾಲ್ಕು ಚುನಾವಣೆಗಳಲ್ಲಿ ಆ ಕೆಲಸ ಮಾಡಿದ್ದೇನೆ. ಈಗ ನಿವೃತ್ತಿಯಾಗಿದೆ. ಆದರೂ ಗುರುತಿನವರು ಸಿಕ್ಕಾಗ ಕೇಳುವ ಪ್ರಶ್ನೆ ಒಂದೇ: ‘ಮೇಡಂ, ಶಾಸಕ ಸ್ಥಾನಕ್ಕೆ ನಿಂತವರ ಖರ್ಚಿಗೆ ಮಿತಿ ನಲವತ್ತು ಲಕ್ಷವಂತೆ. ಅಷ್ಟರಲ್ಲಿ ಯಾರು ಚುನಾವಣೆ ಮಾಡುತ್ತಾರೆ? ಆ ಲೆಕ್ಕ ಓದಿ ಏನು ಪ್ರಯೋಜನ?’

ಪ್ರಯೋಜನವಿದೆ. ಯಾಕೆ ಎಂಬುದನ್ನು ಒಬ್ಬ ಹೆಂಗಸಿನಿಂದ ಕಲಿತೆ. ಆಕೆಯ ಹೆಸರು ಬೇಡ, ಊರೂ ಬೇಡ. ತಾಲ್ಲೂಕು ಕೇಂದ್ರವೊಂದರಲ್ಲಿ ತಳ್ಳುಗಾಡಿಯ ಮೇಲೆ ಮಂಡಾಳು ಒಗ್ಗರಣೆ, ಮಿರ್ಚಿ ಮಾರುತ್ತಾಳೆ. ಒಂದು ಚುನಾವಣೆಯಲ್ಲಿ ಅಭ್ಯರ್ಥಿಯೊಬ್ಬನ ಕಡೆಯವರು ಮೂರು ದಿನಗಳ ಪ್ರಚಾರಕ್ಕೆ ಆಕೆಯಿಂದ ಒಂಬೈನೂರು ಪ್ಲೇಟ್ ತಿಂಡಿ ಮಾಡಿಸಿದರು. ಪ್ಲೇಟಿಗೆ ಮೂವತ್ತು ರೂಪಾಯಿಯಂತೆ ಇಪ್ಪತ್ತೇಳು ಸಾವಿರ. ಮುಂಗಡವೆಂದು ಹತ್ತು ಸಾವಿರ ನಗದು ಕೊಟ್ಟರು. ಲೆಕ್ಕಕ್ಕೆ ತೋರಿಸಲು 120 ಪ್ಲೇಟಿನ ಒಂದು ಬಿಲ್ಲು ಬರೆದು, 3,600 ರೂಪಾಯಿ ಎಂದು ನಮೂದಿಸಿ, ಕೆಳಗೆ ಆಕೆಯ ರುಜು ಹಾಕಿಸಿಕೊಂಡರು. ಆ ಬಿಲ್ಲು ನನ್ನ ಮೇಜಿನ ಮೇಲೆ ಬಂದಿತ್ತು. ಎಣ್ಣೆಯ ಬೆರಳಚ್ಚು ಮೂಲೆಯಲ್ಲಿ ಹಾಗೇ ಉಳಿದಿತ್ತು. ಅಕ್ಷರ ಕಲಿಯುವ ಮಗು ಬರೆದಂತೆ ಒಂದೊಂದೇ ಅಕ್ಷರ ಕೂಡಿಸಿ ಬರೆದ ಹೆಸರು. ಬಿಲ್ಲಿನಲ್ಲಿ ತಪ್ಪೇನೂ ಕಾಣಲಿಲ್ಲ, ಪಾಸು ಮಾಡಿದೆ.

ಫಲಿತಾಂಶ ಬಂದು ಎರಡು ತಿಂಗಳಾದ ಮೇಲೆ ಆಕೆಯ ಗಾಡಿಯ ಮುಂದೆ ನಿಂತಿದ್ದಾಗ ಮಾತು ಬಂತು. ‘ಅಕ್ಕಾ, ಇನ್ನೂ ಹದಿನೇಳು ಸಾವಿರ ಬರಬೇಕು. ಕೇಳಲು ಹೋದರೆ ನಿನ್ನ ಬಿಲ್ಲು ಇರುವುದೇ ಮೂರು ಸಾವಿರದ ಆರು ನೂರಕ್ಕೆ, ಅದಕ್ಕಿಂತ ಹೆಚ್ಚೇ ಕೊಟ್ಟಿದ್ದೇವೆ ಎನ್ನುತ್ತಾರೆ. ನನಗೆ ಓದಲು ಬರುವುದಿಲ್ಲ. ಹೆಸರು ಬರಿ ಎಂದರು, ಬರೆದೆ.’

ಆ ದಿನದವರೆಗೆ ಸುಳ್ಳು ಲೆಕ್ಕ ಎಂದರೆ ಚುನಾವಣಾ ಆಯೋಗಕ್ಕೆ ಮಾಡುವ ಮೋಸ ಎಂದುಕೊಂಡಿದ್ದೆ. ಖರ್ಚು ಕಡಿಮೆ ತೋರಿಸಿದಾಗ ಮೊದಲು ಮುಳುಗುವವರು ಶಾಮಿಯಾನದವರು, ಟಂಟಂ ಓಡಿಸುವವರು, ಬ್ಯಾನರ್ ಅಂಟಿಸುವ ಹುಡುಗರು, ಒಗ್ಗರಣೆ ಮಾಡುವ ಹೆಂಗಸರು. ಅವರ ದುಡಿಮೆಗೆ ಇರುವ ಒಂದೇ ಕಾಗದ ಸಾಕ್ಷಿ ಆ ಲೆಕ್ಕ. ಅಲ್ಲಿ ಅವರ ದುಡಿಮೆ ಇಲ್ಲವೆಂದರೆ ಎಲ್ಲಿಯೂ ಇಲ್ಲ. ಆದ್ದರಿಂದ ಲೆಕ್ಕ ಓದುವುದನ್ನು ಕಲಿಯಿರಿ ಎಂದು ಎಲ್ಲರಿಗೂ ಹೇಳುತ್ತೇನೆ. ಹೇಗೆ ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಮಿತಿ ಗೊತ್ತಿರಲಿ. 2022ರ ಜನವರಿಯಿಂದ ಕರ್ನಾಟಕದಲ್ಲಿ ವಿಧಾನಸಭೆಗೆ ನಿಂತವರು 40 ಲಕ್ಷ, ಲೋಕಸಭೆಗೆ ನಿಂತವರು 95 ಲಕ್ಷ ರೂಪಾಯಿಯವರೆಗೆ ಖರ್ಚು ಮಾಡಬಹುದು. ನಮ್ಮ ಕಡೆಯ ಲೋಕಸಭಾ ಕ್ಷೇತ್ರಗಳಲ್ಲಿ ಎಂಟೆಂಟು ವಿಧಾನಸಭಾ ಕ್ಷೇತ್ರಗಳಿವೆ. 95 ಲಕ್ಷವನ್ನು ಎಂಟರಿಂದ ಭಾಗಿಸಿದರೆ ಒಂದಕ್ಕೆ ಹನ್ನೆರಡು ಲಕ್ಷವೂ ಬೀಳುವುದಿಲ್ಲ. ಈ ಅಂಕಿ ತಲೆಯಲ್ಲಿದ್ದರೆ ನಿಮ್ಮ ಊರಿನ ಒಂದು ಮೆರವಣಿಗೆ ನೋಡಿದಾಗಲೇ ಎಷ್ಟೋ ವಿಷಯ ಹೊಳೆಯುತ್ತದೆ.

ಲೆಕ್ಕ ಶುರುವಾಗುವುದು ನಾಮಪತ್ರ ಸಲ್ಲಿಸಿದ ದಿನದಿಂದ, ಮುಗಿಯುವುದು ಫಲಿತಾಂಶ ಘೋಷಣೆಯಾದ ದಿನ. ನಾಮಪತ್ರ ಸಲ್ಲಿಸಲು ಹೋಗುವ ಮೆರವಣಿಗೆಯೂ ಇದರೊಳಗೆ ಬರುತ್ತದೆ. ಮೊದಲೇ ಕೊಂಡಿಟ್ಟ ಸಾಮಾನನ್ನು ನಾಮಪತ್ರದ ನಂತರ ಬಳಸಿದರೆ ಅದೂ ಬರುತ್ತದೆ. ಆದರೆ ಆರು ತಿಂಗಳು ಮುಂಚೆ ಹಬ್ಬದ ನೆಪದಲ್ಲಿ ಹಂಚಿದ ಸೀರೆ, ಕುಕ್ಕರು ಅಭ್ಯರ್ಥಿ ಬರೆಯುವ ಈ ಲೆಕ್ಕದ ಪುಸ್ತಕದಲ್ಲಿ ಸಿಗುವುದಿಲ್ಲ. ಹುಡುಕಿ ಬೇಸರಪಡಬೇಡಿ.

ಅಭ್ಯರ್ಥಿ ನಾಮಪತ್ರಕ್ಕೆ ಒಂದು ದಿನ ಮೊದಲಾದರೂ ಚುನಾವಣೆಗೆಂದೇ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆಯಬೇಕು. ತನ್ನ ಹಣವಾಗಲಿ, ಪಕ್ಷದ ಹಣವಾಗಲಿ, ಯಾರೋ ಕೊಟ್ಟ ದೇಣಿಗೆಯಾಗಲಿ ಎಲ್ಲವೂ ಆ ಖಾತೆಯ ಮೂಲಕವೇ ಹೋಗಬೇಕು. ಇಡೀ ಚುನಾವಣೆಯಲ್ಲಿ ಒಬ್ಬ ವ್ಯಕ್ತಿಗೆ ಅಥವಾ ಒಂದು ಅಂಗಡಿಗೆ ನಗದಾಗಿ ಕೊಡಬಹುದಾದದ್ದು ಹತ್ತು ಸಾವಿರ ಮಾತ್ರ. ಉಳಿದದ್ದು ಚೆಕ್ಕಿನಲ್ಲೋ ಆನ್‌ಲೈನಿನಲ್ಲೋ ಹೋಗಬೇಕು. ಶಾಮಿಯಾನದವರೇ, ಅಡುಗೆಯವರೇ, ದಯವಿಟ್ಟು ಈ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ‘ನಿಯಮದ ಪ್ರಕಾರ ನನ್ನ ಖಾತೆಗೇ ಹಾಕಬೇಕು’ ಎಂದು ಕೇಳುವ ಹಕ್ಕು ನಿಮಗಿದೆ. ಪೂರ್ತಿ ಪ್ಲೇಟಿನ ಲೆಕ್ಕ ಬರೆದ ಹೊರತು ಬಿಲ್ಲಿಗೆ ರುಜು ಹಾಕಬೇಡಿ. ಹಾಕಿದ ಬಿಲ್ಲಿನ ಫೋಟೊ ಮೊಬೈಲಿನಲ್ಲಿ ಇಟ್ಟುಕೊಳ್ಳಿ.

ಪುಸ್ತಕದ ರೂಪ ಹೀಗಿರುತ್ತದೆ. ಬಿಳಿ ಹಾಳೆಯ ಭಾಗದಲ್ಲಿ ದಿನದಿನದ ಖರ್ಚು, ಗುಲಾಬಿ ಹಾಳೆಯಲ್ಲಿ ನಗದು ಲೆಕ್ಕ, ಹಳದಿ ಹಾಳೆಯಲ್ಲಿ ಬ್ಯಾಂಕ್ ಲೆಕ್ಕ. ಪ್ರಚಾರದ ಅವಧಿಯಲ್ಲಿ ಕನಿಷ್ಠ ಮೂರು ಸಲ ಇದನ್ನು, ಖರ್ಚಿನ ಮೇಲೆ ಕಣ್ಣಿಡಲು ಆಯೋಗ ಕಳಿಸಿದ ವೆಚ್ಚ ವೀಕ್ಷಕರ ಮುಂದೆ ತಂದು ತೋರಿಸಬೇಕು. ನಮ್ಮ ಲೆಕ್ಕಪತ್ರ ತಂಡದ ಬಳಿ ಇನ್ನೊಂದು ಪುಸ್ತಕ ಇರುತ್ತಿತ್ತು, ಶ್ಯಾಡೋ ರಿಜಿಸ್ಟರ್. ಅಭ್ಯರ್ಥಿ ಏನು ಬರೆದಿದ್ದಾರೆ ಎಂಬುದನ್ನು ನೋಡದೆ, ನಮ್ಮ ತಂಡಗಳು ಕಂಡದ್ದನ್ನು ನಾವು ಬರೆಯುತ್ತಿದ್ದೆವು. ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದು.

ಕಾಣುವ ಕೆಲಸ ಹೇಗೆ ನಡೆಯುತ್ತದೆ ಎಂದು ಹೇಳಿದರೆ ನಿಮಗೂ ದಾರಿ ಗೊತ್ತಾಗುತ್ತದೆ. ಸಭೆಗೆ ಹೋದ ವಿಡಿಯೊ ತಂಡದವರು ಮೊದಲು ಕ್ಯಾಮೆರಾಕ್ಕೆ ಬಾಯಿಬಿಟ್ಟು ಹೇಳಬೇಕು: ಯಾವ ಕಾರ್ಯಕ್ರಮ, ಯಾವ ತಾರೀಖು, ಯಾವ ಊರು, ಯಾವ ಪಕ್ಷ, ಯಾವ ಅಭ್ಯರ್ಥಿ. ಆಮೇಲೆ ಭಾಷಣಕ್ಕಿಂತ ಹೆಚ್ಚಾಗಿ ನೆಲ ತೋರಿಸುತ್ತಾರೆ. ವೇದಿಕೆಯ ಉದ್ದಗಲ, ಕುರ್ಚಿ, ಜನರೇಟರ್, ಮೈಕಿನ ಪೆಟ್ಟಿಗೆ, ಹೊರಗೆ ನಿಂತ ಕ್ರೂಸರ್‌ಗಳ ನಂಬರು. ಒಂದು ರಾತ್ರಿ ನಾನು ಮತ್ತು ಇನ್ನಿಬ್ಬರು ಅಂಥ ಒಂದು ವಿಡಿಯೊವನ್ನು ನಿಲ್ಲಿಸಿ ನಿಲ್ಲಿಸಿ ಕುರ್ಚಿ ಎಣಿಸಿದೆವು. ಕೆಂಪು ಪ್ಲಾಸ್ಟಿಕ್ ಕುರ್ಚಿ, ಅಡ್ಡಸಾಲಿಗೆ ಮೂವತ್ತೆರಡು, ಉದ್ದಕ್ಕೆ ನಲವತ್ತೊಂದು ಸಾಲು. ಗುಣಿಸಿದರೆ 1,312. ಅಭ್ಯರ್ಥಿಯ ಪುಸ್ತಕದಲ್ಲಿ ಇದ್ದದ್ದು ಮುನ್ನೂರು. ಆಗ ದಾರಿ ಸುಲಭ: ಕುರ್ಚಿಗೆ, ಪೆಂಡಾಲಿಗೆ, ಚಹಾಕ್ಕೆ, ಊಟಕ್ಕೆ, ವಾಹನದ ಬಾಡಿಗೆಗೆ ಇಷ್ಟಿಷ್ಟು ಎಂದು ಜಿಲ್ಲಾ ಚುನಾವಣಾಧಿಕಾರಿ ಮೊದಲೇ ದರಪಟ್ಟಿ ಮಾಡಿರುತ್ತಾರೆ. ಆ ದರದಿಂದ ಗುಣಿಸಿ, ವ್ಯತ್ಯಾಸ ಬರೆದು ನೋಟಿಸು ಕಳಿಸುವುದು.

ನೀವು ಮಾಡಬೇಕಾದದ್ದು ಇದನ್ನೇ. ಪ್ರಚಾರದ ಹದಿನೈದು ದಿನ ಒಂದು ನೋಟ್‌ಬುಕ್ ಇಡಿ. ಇಡೀ ಕ್ಷೇತ್ರ ಸುತ್ತಬೇಕಿಲ್ಲ, ನಿಮ್ಮ ಓಣಿ, ನಿಮ್ಮ ಊರಿನ ಸರ್ಕಲ್ ಸಾಕು. ತಾರೀಖು, ಹೊತ್ತು, ಕಂಡದ್ದು. ಕ್ರೇನಿಗೆ ನೇತುಹಾಕಿದ ಸೇಬಿನ ಹಾರ ಬಂದರೆ ಕ್ರೇನ್ ಎಷ್ಟು, ಹಾರ ಎಷ್ಟು ಎಂದು ಬರೆಯಿರಿ. ಹೂ ಸುರಿಯಲು ಜೆಸಿಬಿ ನಿಂತಿದ್ದರೆ ಎಷ್ಟು ಹೊತ್ತು ನಿಂತಿತ್ತು? ಡೊಳ್ಳಿನ ತಂಡದಲ್ಲಿ ಎಷ್ಟು ಜನ? ಅಂದಾಜು ಬೆಲೆ ಬರೆಯಬೇಡಿ, ಎಣಿಕೆ ಬರೆಯಿರಿ. ಬೆಲೆಗೆ ದರಪಟ್ಟಿ ಇದೆ.

ಬ್ಯಾನರ್ ನೋಡುವಾಗ ಒಂದು ಸೂಕ್ಷ್ಮ ತಿಳಿದಿರಬೇಕು. ಪಕ್ಷದ ಚಿಹ್ನೆ, ದೊಡ್ಡ ನಾಯಕರ ಮುಖ ಮಾತ್ರ ಇದ್ದರೆ ಅದು ಪಕ್ಷದ ಸಾಮಾನ್ಯ ಪ್ರಚಾರ, ಖರ್ಚು ಪಕ್ಷದ ಲೆಕ್ಕಕ್ಕೆ. ಅಭ್ಯರ್ಥಿಯ ಹೆಸರೋ ಮುಖವೋ ಬಂದ ಕೂಡಲೇ ಅದು ಅವರ 40 ಲಕ್ಷದೊಳಗೆ ಬರಬೇಕು. ದೊಡ್ಡ ನಾಯಕರ ಸಭೆಗೂ ಇದೇ ಮಾತು. ಮಾನ್ಯತೆ ಪಡೆದ ಪಕ್ಷ ನಲವತ್ತು ಮಂದಿಯನ್ನು ತಾರಾ ಪ್ರಚಾರಕರು ಎಂದು ಪಟ್ಟಿ ಕೊಡಬಹುದು, ಅವರ ಹೆಲಿಕಾಪ್ಟರಿನ ಖರ್ಚು ಅಭ್ಯರ್ಥಿಗೆ ತಾಗುವುದಿಲ್ಲ. ಆದರೆ ಅಭ್ಯರ್ಥಿ ವೇದಿಕೆ ಏರಿದರೆ, ಅಥವಾ ಅವರ ಹೆಸರಿನ ಬ್ಯಾನರ್ ಅಲ್ಲಿ ಕಟ್ಟಿದ್ದರೆ ಸಭೆಯ ಖರ್ಚಿನಲ್ಲಿ ಅವರಿಗೂ ಪಾಲು ಬರುತ್ತದೆ. ಮೂವರು ಅಭ್ಯರ್ಥಿಗಳು ವೇದಿಕೆಯಲ್ಲಿದ್ದರೆ ಮೂವರಿಗೂ ಹಂಚಬೇಕು. ವೇದಿಕೆಯ ಮೇಲೆ ಯಾರಿದ್ದರು ಎಂದು ಬರೆದಿಡಿ, ಒಂದು ಫೋಟೊ ತೆಗೆಯಿರಿ.

ಕರಪತ್ರ ಕೈಗೆ ಬಂದರೆ ಎಸೆಯಬೇಡಿ. ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಮಿನ ಪ್ರಕಾರ ಅದರ ಮೇಲೆ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು. ಅವಿಲ್ಲದೆ ಅಚ್ಚು ಹಾಕಿದವರಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡು ಸಾವಿರದವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಅಡಿಯಲ್ಲಿ ಹೆಸರಿಲ್ಲದ ಕರಪತ್ರ ನಿಮ್ಮ ಕೈಯಲ್ಲಿರುವ ಗಟ್ಟಿ ಪುರಾವೆ.

ಹಣ ಹಂಚುತ್ತಿರುವುದು ಕಣ್ಣಿಗೆ ಬಿದ್ದರೆ ನೋಟ್‌ಬುಕ್ಕಿಗೆ ಕಾಯಬೇಡಿ. ದೂರು ಕೊಡಲು ಚುನಾವಣಾ ಆಯೋಗದ ಸಿ-ವಿಜಿಲ್ ಎಂಬ ಮೊಬೈಲ್ ಆ್ಯಪ್ ಇದೆ, ಅಲ್ಲಿಯೇ ನಿಂತು ಫೋಟೊ ಅಥವಾ ಸಣ್ಣ ವಿಡಿಯೊ ತೆಗೆದು ಕಳಿಸಿದರೆ ಜಾಗದ ಗುರುತೂ ಅದರೊಂದಿಗೇ ಹೋಗುತ್ತದೆ. ನೂರು ನಿಮಿಷಗಳೊಳಗೆ ಕ್ರಮ ಆಗಬೇಕೆಂಬುದು ನಿಯಮ. ಹೆಸರು ಹೇಳದೆಯೂ ಕಳಿಸಬಹುದು. ಮತದಾರರ ಸಹಾಯವಾಣಿ 1950ಕ್ಕೆ ಫೋನ್ ಮಾಡಿದರೂ ಆದೀತು. ರೈತರಿಗೆ ಒಂದು ಮಾತು: ಏಪ್ರಿಲ್, ಮೇ ತಿಂಗಳಲ್ಲಿ ಭತ್ತ ಮಾರಿದ ಹಣ ತರುವಾಗ ಚೆಕ್‌ಪೋಸ್ಟಿನಲ್ಲಿ ಸಿಕ್ಕಿಬೀಳುವವರು ನೀವೇ. ಐವತ್ತು ಸಾವಿರಕ್ಕಿಂತ ಹೆಚ್ಚಿದ್ದರೆ ಎಪಿಎಂಸಿ ಚೀಟಿ, ದಲಾಲಿ ಅಂಗಡಿಯ ಬಿಲ್ಲು ಜೇಬಿನಲ್ಲೇ ಇರಲಿ. ಹಿಡಿದುಕೊಂಡರೆ ಗಾಬರಿಯಾಗದೆ ರಸೀದಿ ಕೇಳಿ ಪಡೆಯಿರಿ. ಹಣ ಮರಳಿ ಕೊಡಿಸಲು ಜಿಲ್ಲೆಯಲ್ಲಿ ಮೂವರು ಅಧಿಕಾರಿಗಳ ಸಮಿತಿ ಇರುತ್ತದೆ, ಜಿಲ್ಲಾ ಖಜಾನಾಧಿಕಾರಿ ಅದರಲ್ಲಿ ಒಬ್ಬರು.

ಈಗ ಮುಖ್ಯ ಕೆಲಸಕ್ಕೆ ಬರೋಣ. ಫಲಿತಾಂಶ ಬಂದ ಮೂವತ್ತು ದಿನದೊಳಗೆ ಗೆದ್ದವರು, ಸೋತವರು, ಠೇವಣಿ ಕಳೆದುಕೊಂಡವರು ಎಲ್ಲರೂ ಲೆಕ್ಕವನ್ನು ಜಿಲ್ಲಾ ಚುನಾವಣಾಧಿಕಾರಿಗೆ ಕೊಡಬೇಕು. ಸರಿಯಾದ ಕಾರಣವಿಲ್ಲದೆ ಕೊಡದವರನ್ನು ಆಯೋಗ ಮೂರು ವರ್ಷ ಅನರ್ಹಗೊಳಿಸಬಹುದು. ಲೆಕ್ಕ ಬಂದ ಮೇಲೆ ಕಚೇರಿಯ ಫಲಕದಲ್ಲಿ ಸೂಚನೆ ಹಚ್ಚಬೇಕು. 1961ರ ಚುನಾವಣಾ ನಡಾವಳಿ ನಿಯಮಗಳು ಸ್ಪಷ್ಟವಾಗಿ ಹೇಳುತ್ತವೆ: ಒಂದು ರೂಪಾಯಿ ಶುಲ್ಕ ಕೊಟ್ಟು ಯಾರು ಬೇಕಾದರೂ ಆ ಲೆಕ್ಕ ನೋಡಬಹುದು. ಪ್ರತಿ ಬೇಕಿದ್ದರೆ ಅದಕ್ಕೆ ಬೇರೆ ಶುಲ್ಕ. ನೀವು ಪತ್ರಕರ್ತರಾಗಿರಬೇಕಿಲ್ಲ, ವಕೀಲರಾಗಿರಬೇಕಿಲ್ಲ. ‘ನಿಮಗೆ ಯಾಕೆ ಬೇಕು?’ ಎಂದು ಯಾರಾದರೂ ಕೇಳಿದರೆ, ನಿಯಮದಲ್ಲಿ ‘ಯಾವುದೇ ವ್ಯಕ್ತಿ’ ಎಂದಿದೆ ಎಂದು ವಿನಯದಿಂದ ಹೇಳಿ. ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ಜಾಲತಾಣದಲ್ಲೂ ಈ ಲೆಕ್ಕಗಳ ಪ್ರತಿ ಹಾಕುತ್ತಾರೆ.

ಯಾವ ಕಚೇರಿಗೆ ಹೋಗಬೇಕು ಎಂಬಲ್ಲಿ ನಮ್ಮ ಭಾಗದವರು ಎಡವುತ್ತಾರೆ. ಸಿಂಧನೂರು, ಮಸ್ಕಿ ರಾಯಚೂರು ಜಿಲ್ಲೆಯಲ್ಲಿವೆ, ಆದರೆ ಲೋಕಸಭೆಗೆ ಕೊಪ್ಪಳ ಕ್ಷೇತ್ರ. ಬಳ್ಳಾರಿ ಜಿಲ್ಲೆಯ ಸಿರುಗುಪ್ಪವೂ ಹಾಗೆಯೇ. ಸಿಂಧನೂರಿನ ಮತದಾರರು ಶಾಸಕರ ಲೆಕ್ಕ ನೋಡಲು ರಾಯಚೂರಿಗೆ, ಸಂಸದರ ಲೆಕ್ಕ ನೋಡಲು ಕೊಪ್ಪಳಕ್ಕೆ ಹೋಗಬೇಕು. ಒಬ್ಬ ಹುಡುಗ ಎರಡು ಬಸ್ ಹಿಡಿದು ತಪ್ಪು ಊರಿಗೆ ಹೋಗಿ ಬಂದದ್ದು ನನಗೆ ಗೊತ್ತು.

ಲೆಕ್ಕದ ಕಟ್ಟು ಕೈಗೆ ಬಂದಾಗ ಮೊದಲ ಹಾಳೆಯಿಂದ ಓದಲು ಹೋಗಬೇಡಿ, ಸುಸ್ತಾಗುತ್ತೀರಿ. ಸಾರಾಂಶದ ಹಿಂದೆ ಅನುಸೂಚಿಗಳಿರುತ್ತವೆ. ಮೊದಲನೆಯದು ಸಾಮಾನ್ಯ ಸಭೆ, ಮೆರವಣಿಗೆ. ಎರಡನೆಯದು ತಾರಾ ಪ್ರಚಾರಕರ ಸಭೆ. ಮೂರನೆಯದರಲ್ಲಿ ಬ್ಯಾನರ್, ಕರಪತ್ರ, ಮೈಕು. ನಾಲ್ಕನೆಯದರಲ್ಲಿ ಪತ್ರಿಕೆ, ಟಿವಿ, ಎಸ್ಎಂಎಸ್, ಸಾಮಾಜಿಕ ಜಾಲತಾಣ. ಐದನೆಯದರಲ್ಲಿ ವಾಹನ. ಆರನೆಯದರಲ್ಲಿ ಕಾರ್ಯಕರ್ತರು, ಏಜೆಂಟರು, ಮತಗಟ್ಟೆಯ ಹೊರಗಿನ ಟೇಬಲ್. ಏಳು, ಎಂಟು, ಒಂಬತ್ತು ಹಣ ಬಂದ ದಾರಿಯನ್ನು ಹೇಳುತ್ತವೆ: ಸ್ವಂತದ್ದು, ಪಕ್ಷ ಕೊಟ್ಟದ್ದು, ಬೇರೆಯವರ ಸಾಲ ಅಥವಾ ದೇಣಿಗೆ.

ನಾನು ಯಾವಾಗಲೂ ಆರನೆಯದರಿಂದ ಶುರು ಮಾಡುತ್ತೇನೆ. ಒಂದು ವಿಧಾನಸಭಾ ಕ್ಷೇತ್ರದಲ್ಲಿ ಇನ್ನೂರಕ್ಕೂ ಹೆಚ್ಚು ಮತಗಟ್ಟೆಗಳಿರುತ್ತವೆ. ಎಲ್ಲ ಮತಗಟ್ಟೆಯಲ್ಲೂ ಏಜೆಂಟರು ಕೂತಿದ್ದನ್ನು ನೀವೇ ಕಂಡಿದ್ದೀರಿ. ಅವರ ಚಹಾ, ಊಟದ ಖರ್ಚು ಪುಸ್ತಕದಲ್ಲಿ ಇಡೀ ಕ್ಷೇತ್ರಕ್ಕೆ ಎಂಟು ಸಾವಿರ ಎಂದಿದ್ದರೆ ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಿ. ಆಮೇಲೆ ಐದನೆಯದಕ್ಕೆ ಹೋಗಿ. ಅನುಮತಿ ಪಡೆದ ವಾಹನಗಳ ನಂಬರು ಅಲ್ಲಿರುತ್ತದೆ, ನಿಮ್ಮ ನೋಟ್‌ಬುಕ್ಕಿನ ನಂಬರುಗಳನ್ನು ಪಕ್ಕದಲ್ಲಿಡಿ. ಬಾಡಿಗೆ ಕಂಡರೆ ಡೀಸೆಲ್ ಎಲ್ಲಿದೆ, ಡೀಸೆಲ್ ಕಂಡರೆ ಡ್ರೈವರ್ ಕೂಲಿ ಎಲ್ಲಿದೆ ಎಂದು ಹುಡುಕಿ. ಮೂರನೆಯದರಲ್ಲಿ ಒಂದೇ ಕೈಬರಹದ ಬಿಲ್ಲುಗಳು ಬೇರೆ ಬೇರೆ ಅಂಗಡಿಯ ಹೆಸರಿನಲ್ಲಿದ್ದರೆ ಬೆಳಕಿಗೆ ಹಿಡಿದು ನೋಡಿ. ಬಿಲ್ಲಿನ ನಂಬರು ಒಂದರ ಹಿಂದೆ ಒಂದು ಬಂದಿದ್ದು, ನಡುವೆ ಹತ್ತು ದಿನದ ಅಂತರ ಇದ್ದರೆ, ಆ ಅಂಗಡಿಯವರು ಹತ್ತು ದಿನ ಬೇರೆ ಯಾರಿಗೂ ಏನನ್ನೂ ಮಾರಿಲ್ಲ ಎಂದಾಗುತ್ತದೆ. ಅದು ನಂಬುವ ಮಾತಲ್ಲ.

ಎಂಟನೆಯ ಅನುಸೂಚಿ ನೋಡಿದ ಮೇಲೆ ಪಕ್ಷದ ಲೆಕ್ಕಕ್ಕೆ ಹೋಗಬೇಕು. ಇಲ್ಲೊಂದು ದೊಡ್ಡ ಬಾಗಿಲು ತೆರೆದೇ ಇದೆ: ಅಭ್ಯರ್ಥಿಗೆ ಮಿತಿಯುಂಟು, ಪಕ್ಷಕ್ಕೆ ಮಿತಿಯೇ ಇಲ್ಲ. 1974ರಲ್ಲಿ ಕನ್ವರ್ ಲಾಲ್ ಗುಪ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅಭ್ಯರ್ಥಿಗಾಗಿ ಪಕ್ಷ ಮಾಡಿದ ಖರ್ಚನ್ನೂ ಅಭ್ಯರ್ಥಿಯ ಲೆಕ್ಕಕ್ಕೇ ಸೇರಿಸಬೇಕು ಎಂದಿತ್ತು. ಆ ತೀರ್ಪಿನ ಬೆನ್ನಲ್ಲೇ ಕಾನೂನು ತಿದ್ದಿ ಅದನ್ನು ನಿಷ್ಫಲಗೊಳಿಸಿದರು. 2003ರಲ್ಲಿ ಆ ತಿದ್ದುಪಡಿಯನ್ನು ಕಿರಿದುಗೊಳಿಸಿದರು, ಅಷ್ಟೇ. ಪಕ್ಷದ ಖರ್ಚಿಗೂ ಮಿತಿ ಬರುವವರೆಗೆ 40 ಲಕ್ಷ ಎಂಬ ಅಂಕಿ ಅರ್ಧ ಬೇಲಿ ಮಾತ್ರ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಆದರೂ ಪಕ್ಷಗಳು ವಿಧಾನಸಭಾ ಚುನಾವಣೆ ಮುಗಿದ 75 ದಿನಗಳೊಳಗೆ, ಲೋಕಸಭೆಯದಾದರೆ 90 ದಿನಗಳೊಳಗೆ ಖರ್ಚಿನ ವಿವರ ಕೊಡಬೇಕು. ಅದು ಚುನಾವಣಾ ಆಯೋಗದ ಜಾಲತಾಣದಲ್ಲಿ ಸಿಗುತ್ತದೆ. ಅಭ್ಯರ್ಥಿಗೆ ಇಷ್ಟು ಕೊಟ್ಟಿದ್ದೇವೆ ಎಂದು ಪಕ್ಷ ಬರೆದದ್ದೂ, ಇಷ್ಟು ಬಂತು ಎಂದು ಅಭ್ಯರ್ಥಿ ಬರೆದದ್ದೂ ತಾಳೆಯಾಗಬೇಕು.

ಪಕ್ಷಕ್ಕೆ ಹಣ ಕೊಟ್ಟವರು ಯಾರು ಎಂಬುದಕ್ಕೂ ಅಲ್ಲಿಯೇ ಪಟ್ಟಿ ಇದೆ. ವರ್ಷಕ್ಕೆ 20 ಸಾವಿರಕ್ಕಿಂತ ಹೆಚ್ಚು ಕೊಟ್ಟವರ ಹೆಸರು, ವಿಳಾಸ, ಮೊತ್ತವನ್ನು ಪಕ್ಷ ಪ್ರತಿವರ್ಷ ಆಯೋಗಕ್ಕೆ ಕೊಡಬೇಕು. ಅದಕ್ಕಿಂತ ಕಡಿಮೆ ಕೊಟ್ಟವರ ಹೆಸರು ಬರುವುದಿಲ್ಲ, ಅದೂ ಒಂದು ಕಂಡಿ. ಬ್ಯಾಂಕಿನಲ್ಲಿ ಕೊಂಡು ಪಕ್ಷಕ್ಕೆ ಕೊಡುತ್ತಿದ್ದ ಚುನಾವಣಾ ಬಾಂಡ್ ಎಂಬ ಇನ್ನೂ ದೊಡ್ಡ ಕಂಡಿ 2018ರಿಂದ ಇತ್ತು. ಕೊಟ್ಟವರು ಯಾರೆಂದು ಮತದಾರರಿಗೆ ತಿಳಿಯುತ್ತಲೇ ಇರಲಿಲ್ಲ. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಒಮ್ಮತದಿಂದ ರದ್ದುಮಾಡಿತು. 2019ರ ಏಪ್ರಿಲ್ 12ರಿಂದ ಮುಂದೆ ಕೊಂಡವರ, ನಗದು ಮಾಡಿಕೊಂಡವರ ಪಟ್ಟಿ ಮಾರ್ಚಿನಲ್ಲಿ ಹೊರಬಂತು, ಇವತ್ತಿಗೂ ನೋಡಬಹುದು. ಕಂಪನಿಗಳು, ದೇಣಿಗೆ ಸಂಗ್ರಹಿಸಿ ಪಕ್ಷಗಳಿಗೆ ಹಂಚುವ ಚುನಾವಣಾ ಟ್ರಸ್ಟುಗಳ ಮೂಲಕವೂ ಕೊಡುತ್ತವೆ. ಆಗ ಪಕ್ಷದ ಪಟ್ಟಿಯಲ್ಲಿ ಟ್ರಸ್ಟಿನ ಹೆಸರಷ್ಟೇ ಕಾಣುತ್ತದೆ, ಕಂಪನಿಯ ಹೆಸರು ಬೇಕಾದರೆ ಟ್ರಸ್ಟಿನ ವರದಿ ತೆರೆಯಬೇಕು.

ಪಟ್ಟಿ ಸಾವಿರಾರು ಸಾಲಿನದು. ನಮ್ಮವರು ಓದುವ ಉಪಾಯ ಇದು: ಸಂಡೂರಿನಲ್ಲಿ ಗಣಿ ಗುತ್ತಿಗೆ ಇರುವವರ ಹೆಸರು, ತೋರಣಗಲ್ಲು ಮತ್ತು ಕೊಪ್ಪಳದ ಸುತ್ತಲಿನ ಕಾರ್ಖಾನೆಗಳ ಹೆಸರು, ನಿಮ್ಮ ತಾಲ್ಲೂಕಿನ ಕಾಲುವೆ, ರಸ್ತೆ ಕಾಮಗಾರಿಯ ಫಲಕದಲ್ಲಿ ಬರೆದ ಗುತ್ತಿಗೆದಾರರ ಹೆಸರು ಒಂದು ಹಾಳೆಯಲ್ಲಿ ಬರೆದುಕೊಂಡು, ಆ ಹೆಸರುಗಳನ್ನಷ್ಟೇ ಪಟ್ಟಿಯಲ್ಲಿ ಹುಡುಕಿ. ಸಿಕ್ಕರೆ ಅದೊಂದೇ ಅಪರಾಧವಲ್ಲ, ದೇಣಿಗೆ ಕೊಡುವುದು ಕಾನೂನಿನ ಪ್ರಕಾರ ಸರಿ. ಆದರೆ ಕೊಟ್ಟ ತಾರೀಖು, ಕಾಮಗಾರಿ ಸಿಕ್ಕ ತಾರೀಖು ಎರಡೂ ನಿಮ್ಮ ಮುಂದೆ ಇರುತ್ತವೆ, ಪ್ರಶ್ನೆ ಕೇಳಲು ಅಷ್ಟು ಸಾಕು. ಯಾವ ಪಟ್ಟಿಯಲ್ಲೂ ಕಾಣದ ಹಣದ ಮಾತೂ ನಮ್ಮಲ್ಲಿದೆ. ವಾಲ್ಮೀಕಿ ಅಭಿವೃದ್ಧಿ ನಿಗಮದ ಹಣದಲ್ಲಿ ಒಂದು ಪಾಲು 2024ರ ಬಳ್ಳಾರಿ ಲೋಕಸಭಾ ಚುನಾವಣೆಗೆ ಬಳಕೆಯಾಗಿದೆ ಎಂದು ಜಾರಿ ನಿರ್ದೇಶನಾಲಯ ಆರೋಪಿಸಿದೆ. ಅದು ಆರೋಪ, ತೀರ್ಪಲ್ಲ. ಆದರೂ ಪರಿಶಿಷ್ಟ ಪಂಗಡದವರಿಗೆಂದು ಇಟ್ಟ ಹಣದ ಬಗ್ಗೆ ಅಂಥ ಮಾತು ಕೇಳಬೇಕಾಗಿ ಬಂದದ್ದಕ್ಕೇ ನನಗೆ ಸಂಕಟವಾಯಿತು.

ವ್ಯತ್ಯಾಸ ಸಿಕ್ಕಿತು, ಮುಂದೇನು? ಜಿಲ್ಲಾ ಚುನಾವಣಾಧಿಕಾರಿಗೆ ಬರಹದಲ್ಲಿ ಕೊಡಿ. ಅನುಸೂಚಿಯ ಸಂಖ್ಯೆ, ಪುಟ, ಅಲ್ಲಿ ಬರೆದದ್ದು, ನೀವು ಕಂಡದ್ದು, ಫೋಟೊ, ಇಷ್ಟೇ ಇರಲಿ. ಬೈಗುಳ ಬೇಡ, ಪಕ್ಷದ ಮಾತು ಬೇಡ. ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಮಿತಿ ಮೀರಿದ ಖರ್ಚು ಪ್ರಜಾಪ್ರತಿನಿಧಿ ಕಾಯ್ದೆಯ 123(6)ನೇ ಕಲಮಿನ ಪ್ರಕಾರ ಭ್ರಷ್ಟ ಆಚರಣೆ. ಅದರ ಮೇಲೆ ಚುನಾವಣಾ ತಕರಾರು ಅರ್ಜಿ ಹಾಕಲು ಆ ಕ್ಷೇತ್ರದ ಯಾವ ಮತದಾರರಿಗೂ ಹಕ್ಕಿದೆ: ರಾಯಚೂರಿನವರು ಕಲಬುರಗಿ ಹೈಕೋರ್ಟ್ ಪೀಠಕ್ಕೆ, ಕೊಪ್ಪಳ, ಬಳ್ಳಾರಿಯವರು ಧಾರವಾಡ ಪೀಠಕ್ಕೆ. ಗಡುವು ಫಲಿತಾಂಶದಿಂದ 45 ದಿನ. ಲೆಕ್ಕ ಬರುವುದೇ ಮೂವತ್ತನೆಯ ದಿನಕ್ಕೆ ಎಂದರೆ ನಿಮ್ಮ ಕೈಯಲ್ಲಿ ಉಳಿಯುವುದು ಹದಿನೈದು ದಿನ. ವಕೀಲರನ್ನು ಮೊದಲೇ ನೋಡಿಟ್ಟುಕೊಳ್ಳಿ.

ಸಣ್ಣ ಮೊತ್ತ ಎಂದು ಬಿಡಬೇಡಿ. ಉತ್ತರ ಪ್ರದೇಶದ ಬಿಸೌಲಿಯ ಶಾಸಕಿ ಉಮಲೇಶ್ ಯಾದವ್ ಅವರನ್ನು 2011ರ ಅಕ್ಟೋಬರಿನಲ್ಲಿ ಆಯೋಗ ಮೂರು ವರ್ಷ ಅನರ್ಹಗೊಳಿಸಿತು. ಸುದ್ದಿಯ ವೇಷದಲ್ಲಿ ಪತ್ರಿಕೆಯಲ್ಲಿ ಬಂದ ಜಾಹೀರಾತಿನ ಸುಮಾರು 21 ಸಾವಿರ ರೂಪಾಯಿ ಖರ್ಚು ಅವರ ಲೆಕ್ಕದಲ್ಲಿ ಇರಲಿಲ್ಲ. 2014ರಲ್ಲಿ ಮಹಾರಾಷ್ಟ್ರದ ಮಾಜಿ ಮುಖ್ಯಮಂತ್ರಿ ಅಶೋಕ್ ಚವಾಣ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಲೆಕ್ಕ ಸಲ್ಲಿಸಿದರಷ್ಟೇ ಸಾಲದು, ಅದು ನಿಜವೇ ಎಂದು ನೋಡುವ ಅಧಿಕಾರವೂ ಆಯೋಗಕ್ಕಿದೆ ಎಂದು ಹೇಳಿತು. ಒಗ್ಗರಣೆಯ ಬಿಲ್ಲಿನ ವ್ಯತ್ಯಾಸ ಇಪ್ಪತ್ಮೂರು ಸಾವಿರದ ನಾಲ್ಕು ನೂರು ರೂಪಾಯಿ ಇತ್ತು. ಆ ಬಿಲ್ಲು ಪಾಸು ಮಾಡುವ ಒಂದು ದಿನ ಮೊದಲು ಆ ತಾಯಿ ನನಗೆ ಸಿಕ್ಕಿದ್ದರೆ ಎಂದು ಈಗಲೂ ಅನಿಸುತ್ತದೆ.

ಹೋಗುವ ದಿನ ನೋಟ್‌ಬುಕ್, ಪೆನ್ಸಿಲ್, ಮತದಾರರ ಗುರುತಿನ ಚೀಟಿ, ಒಂದು ರೂಪಾಯಿಯ ಚಿಲ್ಲರೆ ಒಯ್ಯಿರಿ. ಜೊತೆಗೆ ಇನ್ನೊಬ್ಬರಿರಲಿ, ಒಬ್ಬರು ಓದಿ ಹೇಳಿದರೆ ಇನ್ನೊಬ್ಬರು ಬರೆದುಕೊಳ್ಳಬಹುದು. ಬೆಳಿಗ್ಗೆ ಕಚೇರಿ ತೆರೆಯುವ ಹೊತ್ತಿಗೇ ತಲುಪಿ. ಮಧ್ಯಾಹ್ನದ ಊಟಕ್ಕೆ ಮೊದಲು ಆರನೆಯ ಮತ್ತು ಐದನೆಯ ಅನುಸೂಚಿ ಮುಗಿಯುತ್ತವೆ.